ಗಾಯಕಿಯೇ ಒಪ್ಪದ ಸಾಕ್ಷ್ಯಚಿತ್ರವನ್ನು ನಮ್ಮ ಕೂಟದಲ್ಲಿ ತೋರಿಸಬಹುದೇ?

ಪ್ರಶ್ನೆ: ಡೊಂಬಿವಲಿಯ ಓದುಗಿ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದಲ್ಲಿ ನಾವು ಹತ್ತು ಹನ್ನೆರಡು ಮಂದಿ ಕನ್ನಡದ ಹೆಂಗಸರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಒಂದು ಪುಸ್ತಕವನ್ನೋ ಚಿತ್ರವನ್ನೋ ಮುಂದಿಟ್ಟುಕೊಂಡು ಮಾತನಾಡುತ್ತೇವೆ. ಮುಂದಿನ ತಿಂಗಳ ಸರದಿ ನನ್ನದು. ಕೆನಡಾದ ಗಾಯಕಿ ಅಲಾನಿಸ್ ಮೋರಿಸೆಟ್ ಅವರ ‘ಜ್ಯಾಗಿಡ್ ಲಿಟ್ಲ್ ಪಿಲ್’ ಆಲ್ಬಮ್ ಕುರಿತು ಆಲಿಸನ್ ಕ್ಲೇಮನ್ ನಿರ್ದೇಶಿಸಿರುವ ‘ಜ್ಯಾಗಿಡ್’ ಎಂಬ ಸಾಕ್ಷ್ಯಚಿತ್ರವನ್ನು ತೋರಿಸಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಆ ಆಲ್ಬಮ್ 1995ರ ಜೂನ್‌ನಲ್ಲಿ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಮರುವರ್ಷ ಅದರ ಕ್ಯಾಸೆಟನ್ನು ಕಾಲಾ ಘೋಡಾದ ರಿದಂ ಹೌಸ್‌ನಲ್ಲಿ ಕೊಂಡೆ. ಆ ಅಂಗಡಿ 2016ರಲ್ಲಿ ಮುಚ್ಚಿತು, ಕ್ಯಾಸೆಟ್ ಮಾತ್ರ ಇನ್ನೂ ನನ್ನ ಬಳಿ ಇದೆ. ಹಾಡುಗಳ ಸಾಹಿತ್ಯ ಅಚ್ಚಾಗಿದ್ದ ಒಳಹಾಳೆಯನ್ನು ಬಿಚ್ಚಿ ಬಿಚ್ಚಿ ಮಡಿಕೆಗಳೆಲ್ಲ ಹರಿದು, ಹಿಂಬದಿಗೆ ಅಂಟಿಸಿದ್ದ ಟೇಪು ಈಗ ಹಳದಿಗಟ್ಟಿದೆ. ಲೋಕಲ್ ರೈಲಿನ ಲೇಡೀಸ್ ಡಬ್ಬದಲ್ಲಿ ನಿಂತು, ಕಿವಿಗೆ ವಾಕ್‌ಮನ್ ಹಾಕಿಕೊಂಡು, ಒಬ್ಬ ಹುಡುಗಿ ತನ್ನನ್ನು ಬಿಟ್ಟುಹೋದವನನ್ನು ಎದುರು ನಿಲ್ಲಿಸಿ ಪ್ರಶ್ನಿಸುವುದನ್ನು ಮೊದಲ ಸಲ ಕೇಳಿದಾಗ, ಹೆಣ್ಣಿನ ಸಿಟ್ಟು ಹಾಡಾಗುವುದಕ್ಕೂ ಸಾಧ್ಯವಿದೆ ಎಂದು ನನಗೆ ತಿಳಿದದ್ದು ಅಂದೇ.

ನನ್ನನ್ನು ಕಾಡುತ್ತಿರುವ ವಿಷಯ ಬೇರೆ ಇದೆ. ಈ ಚಿತ್ರ 2021ರ ಸೆಪ್ಟೆಂಬರ್‌ನಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಾಗ ಅಲಾನಿಸ್ ಅಲ್ಲಿಗೆ ಹೋಗಲಿಲ್ಲ. ತಾನು ಒಪ್ಪಿಕೊಂಡಿದ್ದು ಆಲ್ಬಮ್ಮಿನ 25ನೇ ವರ್ಷದ ಸಂಭ್ರಮದ ಚಿತ್ರಕ್ಕೆಂದೂ, ಲಾಕ್‌ಡೌನ್ ನಡುವೆ ಮೂರನೆಯ ಬಾಣಂತನದ ಖಿನ್ನತೆಯಲ್ಲಿ ನರಳುತ್ತಿದ್ದಾಗ ತನ್ನ ಸಂದರ್ಶನ ಮಾಡಲಾಯಿತೆಂದೂ, ಇದು ತಾನು ಹೇಳಲು ಒಪ್ಪಿದ ಕಥೆಯಲ್ಲವೆಂದೂ, ಇದರಲ್ಲಿ ಸತ್ಯವಲ್ಲದ ಸಂಗತಿಗಳಿವೆಯೆಂದೂ ಅವರು ಹೇಳಿಕೆ ಕೊಟ್ಟರು. ಅದನ್ನು ಓದಿದ ಮೇಲೆ ನನಗೆ ಸಂಕೋಚವಾಗುತ್ತಿದೆ. ಕೂಟಕ್ಕೆ ಬರುವವರಲ್ಲಿ ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳೂ ಇರುತ್ತಾಳೆ. ಯಾರ ಬದುಕಿನ ಕಥೆಯೋ ಅವರೇ ಬೇಡವೆಂದ ಚಿತ್ರವನ್ನು ತೋರಿಸುವುದು ಸರಿಯೇ? ತೋರಿಸುವುದಾದರೆ ಹೇಗೆ ತೋರಿಸಬೇಕು? ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ: ಅಂಧೇರಿಯ ಧ್ವನಿಮುದ್ರಕ

ಅಕ್ಕನವರಿಗೆ ನಮಸ್ಕಾರ. ನಾನು ಇಲ್ಲಿನ ಸ್ಟುಡಿಯೋಗಳಲ್ಲಿ ಹದಿನೆಂಟು ವರ್ಷಗಳಿಂದ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದೇನೆ. ಸರಿ ತಪ್ಪುಗಳ ಪ್ರಶ್ನೆಯನ್ನು ನನಗಿಂತ ತಿಳಿದವರು ಬಿಡಿಸಲಿ. ಚಿತ್ರ ನೋಡುವ ಮೊದಲು ಆ ಆಲ್ಬಮ್ಮಿನಲ್ಲಿ ನಿಜವಾಗಿ ಏನು ನಡೆದಿದೆ ಎಂಬುದು ನಿಮ್ಮ ಕೂಟಕ್ಕೆ ಗೊತ್ತಿರಬೇಕೆಂದು ಮಾತ್ರ ನನ್ನ ಆಸೆ.

ನಮ್ಮ ಮುಂಬಯಿಯ ಸ್ಟುಡಿಯೋಗಳಲ್ಲಿ ‘ಸ್ಕ್ರ್ಯಾಚ್’ ಎಂಬ ಮಾತಿದೆ. ಹಾಡು ರೂಪುಗೊಳ್ಳುವ ಹಂತದಲ್ಲಿ ಯಾರೋ ಒಬ್ಬರಿಂದ ಅಂದಾಜಿಗೆ ಹಾಡಿಸಿಟ್ಟುಕೊಂಡು, ವಾದ್ಯಗಳೆಲ್ಲ ಕೂಡಿದ ಮೇಲೆ ಮುಖ್ಯ ಗಾಯಕರನ್ನು ಕರೆಸಿ, ಸಾಲು ಸಾಲಾಗಿ ಹಾಡಿಸಿ, ಚೆನ್ನಾಗಿ ಬಂದ ತುಣುಕುಗಳನ್ನು ಜೋಡಿಸುತ್ತೇವೆ. ಮೊದಲಿನ ಸ್ಕ್ರ್ಯಾಚನ್ನು ಅಳಿಸಿಬಿಡುತ್ತೇವೆ. ಅಲಾನಿಸ್ ಅವರ ಆಲ್ಬಮ್ಮಿನಲ್ಲಿ ಆದದ್ದು ಇದರ ತಿರುಗುಮುರುಗು. ನಿರ್ಮಾಪಕ ಗ್ಲೆನ್ ಬ್ಯಾಲರ್ಡ್ ಅವರ ಮನೆಯ ಸ್ಟುಡಿಯೋ ಲಾಸ್ ಏಂಜಲೀಸ್‌ನ ಎನ್‌ಸಿನೋ ಭಾಗದಲ್ಲಿತ್ತು. ಅಲ್ಲಿ ಇಬ್ಬರೇ ಕುಳಿತು, ದಿನಕ್ಕೊಂದು ಹಾಡಿನ ಲೆಕ್ಕದಲ್ಲಿ ಬರೆದು, ಅಂದೇ ಹಾಡಿ ಮುದ್ರಿಸಿಕೊಳ್ಳುತ್ತಿದ್ದರು. ಒಂದೋ ಎರಡೋ ಟೇಕ್‌ನಲ್ಲಿ ಮುಗಿದ ಆ ಹಾಡುಗಾರಿಕೆಯನ್ನೇ ಕೊನೆಯವರೆಗೂ ಉಳಿಸಿಕೊಂಡು, ವಾದ್ಯಗಳನ್ನು ಆಮೇಲೆ ಬದಲಾಯಿಸಿದರು. ‘ಯು ಆಟ್ ಟು ನೋ’ ಹಾಡಿಗೆ ಬೇಸ್ ನುಡಿಸಿದ ಫ್ಲೀ, ಗಿಟಾರ್ ನುಡಿಸಿದ ಡೇವ್ ನವಾರೊ ಇಬ್ಬರೂ ಆಗಲೇ ಮುದ್ರಣಗೊಂಡಿದ್ದ ಅವರ ದನಿಯ ಸುತ್ತ ತಮ್ಮ ವಾದ್ಯವನ್ನು ಹೊಂದಿಸಿಕೊಂಡರು.

ಒಮ್ಮೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೇಳಿ. ಸಾಲಿನ ಕೊನೆಯಲ್ಲಿ ಉಸಿರು ಸಾಲದೆ ಅಕ್ಷರ ಒಡೆಯುವುದು, ಮಾತು ಮುಗಿಯುವ ಮೊದಲೇ ಮುಂದಿನ ಮಾತು ನುಗ್ಗುವುದು, ಹಾಡುಗಾರಿಕೆ ಸಟ್ಟನೆ ಮಾತಿಗೆ ಇಳಿಯುವುದು, ಇವೆಲ್ಲವೂ ನಮ್ಮಂಥವರು ದಿನವೂ ತಿದ್ದಿ ನಯಗೊಳಿಸುವ ‘ದೋಷ’ಗಳು. ಅವನ್ನು ತಿದ್ದದೆ ಬಿಟ್ಟದ್ದರಿಂದಲೇ ಆ ದನಿ ನಿಮ್ಮನ್ನು ಲೇಡೀಸ್ ಡಬ್ಬದಲ್ಲಿ ತಡೆದು ನಿಲ್ಲಿಸಿತು. ಮೈಕಲ್ ಜ್ಯಾಕ್ಸನ್ ಅವರಿಗೆ ‘ಮ್ಯಾನ್ ಇನ್ ದ ಮಿರರ್’ ಹಾಡಿನ ರಚನೆಯಲ್ಲಿ ಪಾಲುಗೊಂಡಿದ್ದ ಬ್ಯಾಲರ್ಡ್ ಅಂಥವರಿಗೆ ನಯಗೊಳಿಸುವುದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕೈಕಟ್ಟಿ ಕುಳಿತದ್ದು ಅವರ ದೊಡ್ಡತನವೆಂದು ನಾನು ನಂಬಿದ್ದೇನೆ.

ಉತ್ತರ: ಮಾಟುಂಗಾದ ನಿವೃತ್ತ ಅಧ್ಯಾಪಕಿ

ನಾನು ಈ ಚಿತ್ರವನ್ನು ಎರಡು ಸಲ ನೋಡಿದ್ದೇನೆ, ಎರಡನೆಯ ಸಲ ಅಲಾನಿಸ್ ಅವರ ಹೇಳಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದೆ. ತೋರಿಸಬೇಕು ಎಂಬುದೇ ನನ್ನ ಅಭಿಪ್ರಾಯ.

ಚಿತ್ರದ ಬಹುಪಾಲು 1995 ಮತ್ತು 1996ರ ವಿಷಯವೇ. ಕೆನಡಾದಲ್ಲಿ ಹದಿಹರೆಯದಲ್ಲಿಯೇ ಎರಡು ಡಾನ್ಸ್ ಪಾಪ್ ಆಲ್ಬಮ್‌ಗಳನ್ನು ಹೊರತಂದು, ಮೈತೂಕದ ಬಗ್ಗೆ ಹಿರಿಯರ ಟೀಕೆ ಕೇಳಿ ಊಟವನ್ನೇ ಹೆದರಿಕೆಯಿಂದ ನೋಡುವಂತಾಗಿದ್ದ ಹುಡುಗಿಯೊಬ್ಬಳು ಊರು ಬಿಟ್ಟು ಅಮೆರಿಕಕ್ಕೆ ಬಂದು, ಹಲವು ಕಂಪನಿಗಳಿಂದ ಬೇಡವೆನ್ನಿಸಿಕೊಂಡು, ಕೊನೆಗೆ ಮ್ಯಾವರಿಕ್ ಸಂಸ್ಥೆಯ ಮೂಲಕ ಆಲ್ಬಮ್ ಹೊರತಂದದ್ದು, ಅದು ಜಗತ್ತಿನಾದ್ಯಂತ ಮೂರು ಕೋಟಿಗೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾದದ್ದು, 1996ರಲ್ಲಿ 21ರ ವಯಸ್ಸಿಗೇ ವರ್ಷದ ಆಲ್ಬಮ್‌ನ ಗ್ರ್ಯಾಮಿ ಗೆದ್ದದ್ದು, ಇವೆಲ್ಲ ಅಲ್ಲಿವೆ. ಒಬ್ಬ ಹೆಂಗಸಿನ ಹಾಡಿನ ಬೆನ್ನಿಗೇ ಇನ್ನೊಬ್ಬ ಹೆಂಗಸಿನ ಹಾಡನ್ನು ಹಾಕಲು ಆ ಕಾಲದ ರೇಡಿಯೋದವರು ಹಿಂಜರಿಯುತ್ತಿದ್ದರು ಎಂಬುದನ್ನು ಚಿತ್ರ ನೆನಪಿಸುತ್ತದೆ. ಪತ್ರಿಕೆಗಳೂ ಕಡಿಮೆ ಮಾಡಲಿಲ್ಲ. ರೋಲಿಂಗ್ ಸ್ಟೋನ್ ತನ್ನ ಮುಖಪುಟದಲ್ಲಿ ಅವರನ್ನು ‘ಸಿಟ್ಟಿನ ಬಿಳಿಯ ಹೆಣ್ಣು’ ಎಂಬರ್ಥದ ತಲೆಬರಹದಡಿ ಅಚ್ಚುಹಾಕಿತು. ಗಂಡು ಹಾಡುಗಾರರ ಸಿಟ್ಟಿಗೆ ದಂಗೆಯ ಹಿರಿಮೆ ಸಿಕ್ಕುತ್ತಿದ್ದ ಕಾಲದಲ್ಲಿ, ಆ ಹನ್ನೆರಡು ಹಾಡುಗಳಲ್ಲಿ ಇದ್ದ ನಗು, ಬಿಡುಗಡೆ, ಅಮ್ಮ ಅಪ್ಪಂದಿರ ನಿರೀಕ್ಷೆಯ ಭಾರ ಯಾವುದೂ ಪತ್ರಿಕೆಯವರಿಗೆ ಕಾಣದೆ ಹೋಯಿತು. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಕಷ್ಟದ ಭಾಗ ಒಂದಿದೆ. ತನಗೆ 15 ವರ್ಷವಿದ್ದಾಗ ವಯಸ್ಸಿನಲ್ಲಿ ದೊಡ್ಡವರಾದ ಹಲವು ಗಂಡಸರು ತನ್ನನ್ನು ಬಳಸಿಕೊಂಡರೆಂದೂ, ಅದಕ್ಕೆ ತನ್ನ ಒಪ್ಪಿಗೆ ಇತ್ತೆಂದೇ ವರ್ಷಗಟ್ಟಲೆ ಅಂದುಕೊಂಡಿದ್ದೆನೆಂದೂ, ಆ ವಯಸ್ಸಿನ ಒಪ್ಪಿಗೆ ಒಪ್ಪಿಗೆಯೇ ಅಲ್ಲವೆಂಬುದು ಚಿಕಿತ್ಸೆಯಲ್ಲಿ ಬಹಳ ತಡವಾಗಿ ತಿಳಿಯಿತೆಂದೂ ಅಲಾನಿಸ್ ಹೇಳುತ್ತಾರೆ. ಯಾರ ಹೆಸರನ್ನೂ ಅವರು ಹೇಳುವುದಿಲ್ಲ. ಕೆಲವರಿಗೆ ಅಂದೇ ಹೇಳಿಕೊಂಡರೂ ಕೇಳಿದವರು ಎದ್ದು ಕೋಣೆಯಿಂದ ಹೊರನಡೆದರು ಎನ್ನುವಾಗ ನಾನು ಚಿತ್ರವನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ನಮ್ಮಲ್ಲಿಯೂ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರ ಒಪ್ಪಿಗೆಗೆ ಬೆಲೆಯಿಲ್ಲ. ನಿಮ್ಮ ಮಗಳ ವಯಸ್ಸಿನ ಹುಡುಗಿಯರು ಇದನ್ನು ಪಾಠದ ಮಾತಾಗಿ ಅಲ್ಲ, ಅನುಭವಿಸಿದವರ ಬಾಯಿಂದ ಕೇಳುವುದು ಒಳ್ಳೆಯದೆಂದು ಮೂವತ್ತು ವರ್ಷ ಪಾಠ ಹೇಳಿದವಳಾಗಿ ಹೇಳುತ್ತಿದ್ದೇನೆ. ಮೊದಲೇ ಅವಳಿಗೆ ವಿಷಯ ತಿಳಿಸಿಟ್ಟಿರಿ, ಅಷ್ಟೆ.

ಉತ್ತರ: ಪುಣೆಯ ಕೊಥ್ರೂಡ್‌ನಿಂದ

ಟೀಚರ್ ಅವರ ಮೇಲಿನ ಗೌರವವನ್ನು ಇಟ್ಟುಕೊಂಡೇ ನಾನು ಒಪ್ಪಲಾರೆ. ‘ಅನುಭವಿಸಿದವರ ಬಾಯಿಂದ’ ಎಂದಿರಿ. ಆ ಬಾಯಿಯೇ, ಚಿತ್ರದ ಮೊದಲ ಕರಡನ್ನು ನೋಡಿದ ಮೇಲೆ, ನಂಬಬಾರದವರನ್ನು ನಂಬಿದೆ ಎಂದು ಹೇಳಿದೆಯಲ್ಲ. ಮಾತು ಅವರದೇ ಇರಬಹುದು, ಮಾತಿನ ಹಿಂದೆ ಮುಂದೆ ಏನನ್ನು ಕೂಡಿಸಬೇಕು, ಎಲ್ಲಿ ಕತ್ತರಿಸಬೇಕು ಎಂಬುದನ್ನು ನಿರ್ಧರಿಸಿದವರು ಬೇರೆ. ಬಾಣಂತನದ ಖಿನ್ನತೆಯಲ್ಲಿದ್ದಾಗ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ ಎಂಬ ಪ್ರಶ್ನೆಯೂ ಇದೆ, ಅದೂ ಒಪ್ಪಿಗೆಯ ಬಗ್ಗೆಯೇ ಇಷ್ಟು ಮಾತನಾಡುವ ಚಿತ್ರದಲ್ಲಿ. ನನ್ನ ಎರಡು ಹೆರಿಗೆಗಳ ನಂತರ ಆ ಕತ್ತಲೆಯನ್ನು ನಾನೂ ಕಂಡಿದ್ದೇನೆ. ಆ ತಿಂಗಳುಗಳಲ್ಲಿ ಯಾರು ಮೆಲ್ಲಗೆ ಕೇಳಿದರೂ ಎದೆಯಲ್ಲಿದ್ದುದನ್ನೆಲ್ಲ ಹೇಳಿಬಿಡುತ್ತಿದ್ದೆ. ಅದನ್ನು ಯಾರಾದರೂ ಊರಿಗೆಲ್ಲ ತೋರಿಸಿದ್ದರೆ ನನ್ನ ಗತಿ ಏನಾಗುತ್ತಿತ್ತು?

ನಮ್ಮ ಪುಣೆಯ ಸುತ್ತಮುತ್ತಲ ಹಳ್ಳಿಗಳಲ್ಲಿ ಹೇಮಾ ರೈರಕರ್ ಮತ್ತು ಗೀ ಪ್ವಾತೆವಾಂ ಅವರು ವರ್ಷಾನುಗಟ್ಟಲೆ ಬೀಸುಕಲ್ಲಿನ ಓವಿಗಳನ್ನು, ಎಂದರೆ ಹೆಂಗಸರು ಬೀಸುತ್ತಾ ಹಾಡುವ ಮರಾಠಿ ಪದಗಳನ್ನು, ಸಂಗ್ರಹಿಸಿದರು. ಒಂದು ಲಕ್ಷಕ್ಕೂ ಮೀರಿದ ಆ ಹಾಡುಗಳು ಈಗ ಗ್ರಾಮೀಣ ಭಾರತದ ಬದುಕನ್ನು ದಾಖಲಿಸುವ ‘ಪರಿ’ ಜಾಲತಾಣದಲ್ಲಿ ಪ್ರಕಟವಾಗುತ್ತಿವೆ. ಗಂಡನ ಮನೆಯ ನೋವು, ಸಿಟ್ಟು, ತವರಿನ ಹಂಬಲ ಎಲ್ಲವೂ ಅವುಗಳಲ್ಲಿವೆ, ನಮ್ಮ ಉತ್ತರ ಕರ್ನಾಟಕದ ಬೀಸುವ ಪದಗಳಲ್ಲಿ ಇರುವಂತೆಯೇ. ಅಲ್ಲಿ ಹಾಡಿನ ಜೊತೆ ಹಾಡಿದ ಹೆಣ್ಣುಮಗಳ ಹೆಸರು, ಊರು ಕೂಡ ಇರುತ್ತದೆ. ಅವಳು ಹಾಡಿದ್ದು ಅವಳದೇ ಆಗಿ ಉಳಿಯುತ್ತದೆ. ಅಲಾನಿಸ್ ಕೂಡ ತನ್ನ ಕಥೆಯನ್ನು ಹಾಡಿನಲ್ಲಿ ತಾನು ಬಯಸಿದಷ್ಟು ಹೇಳಿ ಮುಗಿಸಿದ್ದಾರೆ. ಆಲ್ಬಮ್ ಕೇಳಿಸಿ, ಚಿತ್ರವನ್ನು ಬಿಡಿ ಎಂಬುದು ನನ್ನ ವಿನಂತಿ.

ಉತ್ತರ: ಮಾಟುಂಗಾದ ನಿವೃತ್ತ ಅಧ್ಯಾಪಕಿ

ತಂಗೀ, ನಿಮ್ಮ ಮಾತಿನ ತೂಕ ನನಗೆ ತಿಳಿಯಿತು. ಬಾಣಂತನದ ವಿಷಯವನ್ನು ನಾನು ಹಗುರವಾಗಿ ದಾಟಿಬಿಟ್ಟಿದ್ದೆ, ಅದು ತಪ್ಪು. ಆದರೆ ಇದನ್ನೂ ಗಮನಿಸಿ: ಅದೇ ಹೇಳಿಕೆಯಲ್ಲಿ ಅವರು ಈ ಚಿತ್ರದಲ್ಲಿ ಸೊಗಸೂ ಇದೆ, ನಿಜದ ಅಂಶಗಳೂ ಇವೆ ಎಂದು ಒಪ್ಪಿದ್ದಾರೆ, ಯಾವ ಭಾಗ ಸುಳ್ಳೆಂದು ಬಿಡಿಸಿ ಹೇಳಿಲ್ಲ. ಆದ್ದರಿಂದ ಆ ಹದಿನೈದರ ಭಾಗವೇ ಅವರಿಗೆ ಬೇಡವಾಗಿತ್ತೆಂದು ನಾವಾಗಿ ಊಹಿಸುವುದು ಕೂಡ ಅವರ ಬಾಯಿಗೆ ನಮ್ಮ ಮಾತು ತುರುಕಿದಂತೆಯೇ. ಪತ್ರಿಕೆಗಳು ಆ ಒಂದು ಭಾಗವನ್ನೇ ಕಿತ್ತು ತಲೆಬರಹ ಮಾಡಿದವು, ಆಲ್ಬಮ್ ಮೂಲೆಗೆ ಸರಿಯಿತು. ಅವರ ಅಸಮಾಧಾನಕ್ಕೆ ಅದೂ ಸೇರಿರಬಹುದು.

ಉತ್ತರ: ಡೊಂಬಿವಲಿಯ ಓದುಗಿ

ಮೂವರಿಗೂ ಕೃತಜ್ಞತೆಗಳು. ಪುಣೆಯ ಅಕ್ಕನವರ ಉತ್ತರವನ್ನು ಮಗಳಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಅಮ್ಮ, ಚಿತ್ರ ತೋರಿಸದೆ ಬಿಟ್ಟರೆ ಅವರು ಒಪ್ಪಲಿಲ್ಲ ಎಂಬುದೂ ಯಾರಿಗೂ ಗೊತ್ತಾಗುವುದಿಲ್ಲವಲ್ಲ?” ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಹೀಗೆ ಮಾಡೋಣವೆಂದುಕೊಂಡಿದ್ದೇನೆ. ಮೊದಲು ಆಲ್ಬಮ್ ಪೂರ್ತಿ ಕೇಳುತ್ತೇವೆ, ಕೊನೆಯಲ್ಲಿ ವಾದ್ಯವೇ ಇಲ್ಲದೆ ಅವರು ಒಬ್ಬರೇ ಹಾಡಿರುವ, ಹೊದಿಕೆಯ ಮೇಲೆ ಹೆಸರೂ ಅಚ್ಚಾಗದ ಆ ಹಾಡಿನ ತನಕ. ನಂತರ ಅವರ ಹೇಳಿಕೆಯ ಕನ್ನಡ ಅನುವಾದವನ್ನು ಮಗಳು ಓದುತ್ತಾಳೆ. ಅದನ್ನು ಕೇಳಿದ ಮೇಲೆ ಚಿತ್ರ ನೋಡಬೇಕೋ ಬೇಡವೋ ಎಂದು ಬಂದವರೇ ತೀರ್ಮಾನಿಸಲಿ, ಯಾರಿಗೆ ಬೇಡವೋ ಅವರೊಂದಿಗೆ ನಾನು ಅಡುಗೆಮನೆಯಲ್ಲಿ ಕೂರುತ್ತೇನೆ. ಅಂಧೇರಿಯ ತಮ್ಮನವರಲ್ಲಿ ಒಂದು ಕೋರಿಕೆ: ಆ ಭಾನುವಾರ ಬಿಡುವಿದ್ದರೆ ನಿಮ್ಮ ಒಳ್ಳೆಯ ಹೆಡ್‌ಫೋನ್ ತಂದು, ಉಸಿರು ಒಡೆಯುವ ಆ ಜಾಗಗಳನ್ನು ನಮಗೆಲ್ಲ ಒಬ್ಬೊಬ್ಬರಿಗೆ ಕೇಳಿಸಬಹುದೇ? ಊಟ ನಮ್ಮಲ್ಲೇ.