ಮೊದಲ ಸಲ ಜಿಂಕೆ ಬೇಟೆಗೆ ಹೊರಟಿದ್ದೇನೆ (ವಿಸ್ಕಾನ್ಸಿನ್): ಯಾವ ರೈಫಲ್, ಏನೇನು ಸಾಮಾನು ಬೇಕು?

ಮ್ಯಾಡಿಸನ್‌ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ನಾನಿರುವುದು ಮ್ಯಾಡಿಸನ್‌ನಲ್ಲಿ, ಎಚ್-1ಬಿ ವೀಸಾದಲ್ಲಿ. ಆಫೀಸಿನಲ್ಲಿ ಜೊತೆಗಿರುವ ಒಬ್ಬರಿಗೆ ರಿಚ್‌ಲ್ಯಾಂಡ್ ಕೌಂಟಿಯಲ್ಲಿ ಜಮೀನಿದೆ. ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತಲ್ಲ, ಒಂಬತ್ತು ದಿನದ ಗನ್ ಸೀಸನ್, ಅದಕ್ಕೆ ಬಾ ಅಂತ ಕರೆದಿದ್ದಾರೆ. ನಮ್ಮೂರು ತೀರ್ಥಹಳ್ಳಿ ಕಡೆ. ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ ಇತ್ತು, ನೋಡಿದ್ದೇನೆ ಅಷ್ಟೆ, ಈಡು ಹೊಡೆದವನಲ್ಲ.

ಯಾವ ಅಳತೆಯ ತೋಟಾ ಹಾಕುವ ರೈಫಲ್ ಅಂತ ಅಂಗಡಿಯಲ್ಲಿ ಕೇಳಿದರೆ ಒಬ್ಬರು 6.5 ಕ್ರೀಡ್‌ಮೋರ್ ಅಂದರು, ಇನ್ನೊಬ್ಬರು .308, ಮತ್ತೊಬ್ಬರು .300 ವಿನ್ ಮ್ಯಾಗ್ ತಗೊಳ್ಳಿ, ಮುಂದೆ ಎಲ್ಕ್‌ಗೂ (ಇಲ್ಲಿನ ದೊಡ್ಡ ಜಾತಿಯ ಜಿಂಕೆ) ಆಗುತ್ತೆ ಅಂದರು. ಎಲ್ಲಾ ಸೇರಿ 1,500 ಡಾಲರ್ ಒಳಗೆ ಮುಗಿಸಬೇಕು. ಚಳಿಗೆ ಏನು ಹಾಕಿಕೊಳ್ಳಬೇಕು ಅನ್ನೋದೂ ಗೊತ್ತಿಲ್ಲ. ಅನುಭವ ಇರುವವರು ಹೇಳಿ.

ಉತ್ತರದಕಾಡು:

ರೈಫಲ್ ವಿಷಯ ಆಮೇಲೆ. ನೀವು ಎಚ್-1ಬಿ ಅಂದಿರಿ, ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ. ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಕೆಲವು ವಿನಾಯಿತಿಗಳಿವೆ, ನಮ್ಮಂಥವರಿಗೆ ಉಪಯೋಗಕ್ಕೆ ಬರುವುದು ಒಂದೇ: ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿರಬೇಕು. ಗೆಳೆಯರ ರೈಫಲ್ ಎರವಲು ತಗೊಂಡರೂ ಅದು ನಿಮ್ಮ ವಶದಲ್ಲಿದ್ದ ಹಾಗೇ ಲೆಕ್ಕ. ಹಾಗಾಗಿ ರೇಂಜಿಗೆ ಅಭ್ಯಾಸಕ್ಕೆ ಹೋಗುವ ಮೊದಲೇ ಲೈಸೆನ್ಸ್ ಮಾಡಿಸಿಕೊಳ್ಳಿ. ಲೈಸೆನ್ಸ್ ಅವಧಿ ಮುಗಿದ ಮೇಲೂ ರೈಫಲ್ ಮನೆಯಲ್ಲೇ ಇದ್ದರೆ ಮತ್ತೆ ಅದೇ ತೊಂದರೆ. ಗ್ರೀನ್ ಕಾರ್ಡ್ ಬಂದವರಿಗೆ ಈ ತಲೆನೋವಿಲ್ಲ. ಇಮಿಗ್ರೇಶನ್ ವಕೀಲರನ್ನು ಒಂದು ಮಾತು ಕೇಳಿಬಿಡಿ, ವೀಸಾಕ್ಕಿಂತ ಜಿಂಕೆ ದೊಡ್ಡದಲ್ಲ ಅಲ್ವಾ.

ಇನ್ನು, 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ವಿಸ್ಕಾನ್ಸಿನ್‌ನಲ್ಲಿ ಹಂಟರ್ ಎಜುಕೇಶನ್ ಪಾಸು ಮಾಡಿರಬೇಕು. ಮಾಡದಿದ್ದರೂ ಅನುಭವಿಯೊಬ್ಬರ ಕೈಯಳತೆಯಲ್ಲೇ ಇದ್ದುಕೊಂಡು ಬೇಟೆ ಆಡಲು ಅವಕಾಶ ಇದೆ, ಆದರೆ ಕೋರ್ಸ್ ಮಾಡಿಕೊಂಡು ಹೋಗುವುದೇ ಸರಿ. ಸೊಂಟದ ಮೇಲಿನ ಹೊರ ಬಟ್ಟೆ ಕನಿಷ್ಠ ಅರ್ಧದಷ್ಟು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಇರಬೇಕು. ಟೋಪಿಗೂ ಅದೇ ನಿಯಮ. 2016ರಿಂದ ಹೊಳೆಯುವ ಗುಲಾಬಿಯೂ ನಡೆಯುತ್ತೆ.

ಕೋವಿಮನೆ:

ನಾನು ಸೋಮವಾರಪೇಟೆಯವನು, ಈಗ ಮಿಷಿಗನ್‌ನಲ್ಲಿದ್ದೇನೆ. ಊರಲ್ಲಿ ಕೈಲ್‌ಪೊಳ್ದ್‌ಗೆ (ಕೊಡಗಿನ ಆಯುಧ ಪೂಜೆಯ ಹಬ್ಬ) ಕೋವಿಗೆ ಪೂಜೆ ಮಾಡುತ್ತೇವೆ, ಆದರೆ ಜಿಂಕೆ, ಕಡವೆ ತಂಟೆಗೆ ಹೋದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಜೈಲು. ಇಲ್ಲಿ ಎಷ್ಟು ಹೊಡೆಯಬಹುದು ಅನ್ನೋದನ್ನು ರಾಜ್ಯ ಗೊತ್ತುಮಾಡಿ ಟ್ಯಾಗ್ (ಪರವಾನಗಿ ಚೀಟಿ) ಕೊಡುತ್ತೆ. ನೀವು ಕೊಳ್ಳುವ ರೈಫಲ್, ತೋಟಾ ಮೇಲೆ 1937ರ ಕಾನೂನಿನಂತೆ ಶೇ 11 ತೆರಿಗೆ ಇದೆ, ಆ ದುಡ್ಡು ವನ್ಯಜೀವಿ ಕೆಲಸಕ್ಕೇ ಹೋಗುತ್ತೆ. ನನಗೆ ಈ ಪದ್ಧತಿ ಬಹಳ ಹಿಡಿಸಿದೆ.

.300 ವಿನ್ ಮ್ಯಾಗ್ ಖಂಡಿತ ಬೇಡ. ಅದರ ಒದೆತಕ್ಕೆ ಹೆದರಿ ಟ್ರಿಗರ್ ಒತ್ತುವಾಗಲೇ ಕಣ್ಣು ಮುಚ್ಚುವ ಅಭ್ಯಾಸ ಬಂದುಬಿಡುತ್ತೆ, ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಆ ಕಡೆಯ ಗುಡ್ಡ, ಕಾಡಿನಲ್ಲಿ ನೂರು ಗಜದ ಒಳಗೇ ಈಡು ಸಿಗುವುದು ಜಾಸ್ತಿ. .243, 6.5, .308 ಮೂರರಲ್ಲಿ ಯಾವುದಾದರೂ ಸಾಕು. ನಾನಾದರೆ .308 ತಗೊಳ್ಳುತ್ತೇನೆ, ಯಾವ ಸಣ್ಣ ಊರಿನ ಅಂಗಡಿಯಲ್ಲೂ ಅದರ ತೋಟಾ ಸಿಗುತ್ತೆ. ಒದೆತ ಕಡಿಮೆ ಬೇಕಿದ್ದರೆ 6.5. ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್ ಥರದ ಬೋಲ್ಟ್ ರೈಫಲ್‌ಗೆ 3-9x40 ಸ್ಕೋಪ್ (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು) ಹಾಕಿದರೆ ನಿಮ್ಮ ಬಜೆಟ್‌ನಲ್ಲಿ ಬಟ್ಟೆಗೂ ದುಡ್ಡು ಉಳಿಯುತ್ತೆ. ಕಾಡಿನಲ್ಲಿ ಸ್ಕೋಪನ್ನು 3ರಲ್ಲೇ ಇಡಿ, 9ರಲ್ಲಿ ಇಟ್ಟರೆ ಹತ್ತಿರ ಬಂದ ಜಿಂಕೆ ಬರೀ ಕಂದು ಕೂದಲಾಗಿ ಕಾಣುತ್ತೆ.

ಅಂಗಡಿಯಲ್ಲಿ ರೈಫಲ್ ಹೆಗಲಿಗಿಟ್ಟು ನೋಡುವಾಗ ನವೆಂಬರ್‌ನಲ್ಲಿ ಹಾಕುವ ದಪ್ಪ ಜಾಕೆಟ್ಟನ್ನೇ ಹಾಕಿಕೊಂಡು ನೋಡಿ. ಟೀ ಶರ್ಟಿನಲ್ಲಿ ಸರಿಯಾಗಿ ಕೂತ ರೈಫಲ್ ಜಾಕೆಟ್ ಮೇಲೆ ಉದ್ದ ಆಗಿ ಕಂಕುಳಿಗೆ ಸಿಕ್ಕಿಕೊಳ್ಳುತ್ತೆ, ನಮ್ಮಂಥ ಗಿಡ್ಡ ಕೈಯವರಿಗೆ ಇನ್ನೂ ಜಾಸ್ತಿ. ನೂರು ಗಜದಲ್ಲಿ ಗುರಿ ಕೂರಿಸಿ, ಅದೇ ತೋಟಾದಲ್ಲೇ ಬೇಟೆಗೆ ಹೋಗಿ, ಬೇರೆ ಥರದ ತೋಟಾ ಹಾಕಿದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು.

ಬಟ್ಟೆಗೆ ದುಡ್ಡು ಉಳಿಸಬೇಡಿ. ಕತ್ತಲಿದ್ದಾಗಲೇ ಹೋಗಿ ಅಲುಗಾಡದೆ ಗಂಟೆಗಟ್ಟಲೆ ಕೂರುವ ಕೆಲಸ ಇದು, ನಡುಗುತ್ತಾ ಇದ್ದರೆ ಎಂಥ ರೈಫಲ್ ಇದ್ದರೂ ಉಪಯೋಗ ಇಲ್ಲ. ಮೈಗೆ ತಾಗುವ ಬಟ್ಟೆ ಉಣ್ಣೆಯದ್ದಿರಲಿ, ಹತ್ತಿ ಬೇಡವೇ ಬೇಡ, ಬೆವರು ಹೀರಿಕೊಂಡು ಆಮೇಲೆ ಕೊರೆಯುತ್ತೆ. ದಪ್ಪ ಜಾಕೆಟ್ ಬ್ಯಾಗಿನಲ್ಲಿ ಹೊತ್ತುಕೊಂಡು ಹೋಗಿ, ಕೂತ ಮೇಲೆ ಹಾಕಿಕೊಳ್ಳಿ. ಬೂಟು ಅರ್ಧ ಸೈಜು ದೊಡ್ಡದಿರಲಿ, ಬೆರಳು ಆಡದಿದ್ದರೆ ಎರಡು ಸಾಕ್ಸ್ ಹಾಕಿದರೂ ಕಾಲು ಮರಗಟ್ಟುತ್ತೆ. ಕೊಳ್ಳುವ ಮೊದಲು ಜಾಕೆಟ್ಟಿನ ತೋಳನ್ನು ಒಂದಕ್ಕೊಂದು ಉಜ್ಜಿ, ಸರಸರ ಸದ್ದು ಬಂದರೆ ಅಲ್ಲೇ ಬಿಟ್ಟು ಬನ್ನಿ.

ಬಿಲ್ಲುಬಾಣ:

ಕೋವಿಮನೆಯವರ ಮಾತಿಗೆ ನನ್ನದೂ ಒಂದು ಓಟು. ನಾನು ಬಿಲ್ಲಿನಲ್ಲಿ ಬೇಟೆ ಆಡುವವಳು. ನಾಲ್ಕು ಮಾತು ಸೇರಿಸುತ್ತೇನೆ.

ಮರದ ಮೇಲಿನ ಅಟ್ಟಣೆಗೆ ಹತ್ತಿಸುತ್ತಾರಾ ಕೇಳಿ. ಹತ್ತಿಸಿದರೆ ಮೈಪೂರ್ತಿ ಹಾರ್ನೆಸ್ (ಬೀಳದಂತೆ ಹಿಡಿಯುವ ಪಟ್ಟಿ) ಬೇಕೇ ಬೇಕು. ಮೇಲೆ ಹೋಗಿ ಕಟ್ಟಿಕೊಳ್ಳುವುದಲ್ಲ, ನೆಲ ಬಿಡುವ ಮೊದಲೇ ಹಗ್ಗಕ್ಕೆ ಸೇರಿಸಿಕೊಳ್ಳಬೇಕು. ರೈಫಲ್ ಹೆಗಲಿಗೆ ಹಾಕಿಕೊಂಡು ಹತ್ತಬೇಡಿ, ಖಾಲಿ ಮಾಡಿ ಕೆಳಗಿಟ್ಟು, ಹತ್ತಿದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ.

ಗಾಳಿ ನಿಮ್ಮಿಂದ ಜಿಂಕೆ ಬರುವ ದಿಕ್ಕಿಗೆ ಬೀಸುತ್ತಿದ್ದರೆ ಆ ಜಾಗದಲ್ಲಿ ಕೂರುವುದೇ ವ್ಯರ್ಥ. ಪಕ್ಕಕ್ಕೆ ತಿರುಗಿ ನಿಲ್ಲುವವರೆಗೂ ಕಾಯಿರಿ, ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಗುರಿ ಇಡಿ. ಹೊಡೆದ ಕೂಡಲೇ ಇಳಿದು ಓಡಬೇಡಿ, ಅರ್ಧ ಗಂಟೆ ಕೂತಿರಿ. ರಕ್ತ ನೊರೆಯಾಗಿ ತಿಳಿ ಗುಲಾಬಿ ಇದ್ದರೆ ಶ್ವಾಸಕೋಶ, ದೂರ ಹೋಗಿರುವುದಿಲ್ಲ. ಕಪ್ಪು ಕೆಂಪಿದ್ದರೆ ಪಿತ್ತಜನಕಾಂಗ. ಹಸಿರು ಚೂರು, ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ, ಹಾಗಿದ್ದರೆ ಇನ್ನೂ ಹಲವು ಗಂಟೆ ಬಿಟ್ಟು ಹುಡುಕಬೇಕು. ಬೇಗ ಬೆನ್ನಟ್ಟಿದರೆ ಅದು ಎದ್ದು ಓಡುತ್ತೆ, ನೋವು ತಿಂದು ಎಲ್ಲೋ ಸಾಯುತ್ತೆ, ನಿಮಗೂ ಸಿಗುವುದಿಲ್ಲ. ಇದರಲ್ಲಿ ಮಾತ್ರ ಅವಸರ ಮಾಡಲೇಬೇಡಿ.

ಮೂರ್ನಾಲ್ಕು ಇಂಚಿನ ಚೂಪಾದ ಚಾಕು, ಗ್ಲೌಸು, ತಲೆಗೆ ಕಟ್ಟುವ ಲೈಟು ಸಾಕು, ದೊಡ್ಡ ಕತ್ತಿ ಬೇಡ.

ಮ್ಯಾಡಿಸನ್‌ಕನ್ನಡಿಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೋರ್ಸಿಗೆ ಇವತ್ತೇ ಸೇರುತ್ತೇನೆ. ಒಂದು ಕೇಳೋದಿತ್ತು: ಆ ಕಡೆ ಜಿಂಕೆಗೆ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನುವ ಮಿದುಳಿನ ರೋಗ ಇದೆಯಂತೆ, ಮಾಂಸ ತಿನ್ನಬಹುದಾ? ಮನೆಯಲ್ಲಿ ಚಿಕ್ಕ ಮಗು ಇದೆ.

ಉತ್ತರದಕಾಡು:

ಟೆಸ್ಟ್ ಮಾಡಿಸದೆ ತಿನ್ನಬೇಡಿ. ವಿಸ್ಕಾನ್ಸಿನ್‌ನಲ್ಲಿ ಅದು ಮೊದಲು ಸಿಕ್ಕಿದ್ದು 2002ರಲ್ಲಿ, ರಿಚ್‌ಲ್ಯಾಂಡ್ ಕಡೆ ಈಗ ಜಾಸ್ತಿ ಇದೆ. ಕಾರಣ ಪ್ರಿಯಾನ್ ಅನ್ನುವ ಪ್ರೋಟೀನ್, ಬೇಯಿಸಿದರೆ ಹೋಗುವುದಿಲ್ಲ. ಮನುಷ್ಯರಿಗೆ ಬಂದದ್ದು ಈವರೆಗೆ ಸಾಬೀತಾಗಿಲ್ಲ, ಆದರೂ ರೋಗ ಇರುವ ಪ್ರಾಣಿಯನ್ನು ತಿನ್ನಬೇಡಿ ಅಂತಲೇ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತೆ. ರಾಜ್ಯದ ಡಿಎನ್ಆರ್ (ನೈಸರ್ಗಿಕ ಸಂಪನ್ಮೂಲ ಇಲಾಖೆ) ಉಚಿತವಾಗಿ ಪರೀಕ್ಷೆ ಮಾಡಿಕೊಡುತ್ತೆ, ರುಂಡವನ್ನು ಅವರ ಡಬ್ಬಿಯಲ್ಲಿ ಹಾಕಿ ಬರಬೇಕು. ಜಿಂಕೆ ಸಿಕ್ಕಿದ ಮರುದಿನ ಸಂಜೆ 5 ಗಂಟೆಯೊಳಗೆ ನೋಂದಣಿಯನ್ನೂ ಮಾಡಿಸಬೇಕು, ಮರೆಯಬೇಡಿ. ರಿಪೋರ್ಟ್ ಬರುವವರೆಗೆ ಮಾಂಸ ಫ್ರೀಜರಿನಲ್ಲಿರಲಿ, ಪ್ರತಿ ಪ್ಯಾಕೆಟ್ ಮೇಲೂ ಟೆಸ್ಟ್ ನಂಬರ್ ಬರೆದಿಡಿ.

ಕೋವಿಮನೆ:

ರಿಪೋರ್ಟ್ ಚೆನ್ನಾಗಿ ಬಂದರೆ ಬಿಳಿ ಕೊಬ್ಬನ್ನೆಲ್ಲ ಕೆತ್ತಿ ತೆಗೆಯಿರಿ, ಬಾಯಿಗೆ ಮೇಣದ ಹಾಗೆ ಅಂಟುತ್ತೆ. ಬೆನ್ನಿನ ಮಾಂಸಕ್ಕೆ ಕರಿಮೆಣಸು, ಸ್ವಲ್ಪ ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿ ಜೋರು ಉರಿಯಲ್ಲಿ ಹುರಿಯಿರಿ, ತೊಡೆಯದ್ದು ಸಾರಿಗೆ ಇಡಿ. ಕಾಚಂಪುಳಿ ಸಿಗದಿದ್ದರೆ ಮೆಸೇಜ್ ಮಾಡಿ, ನಾನು ಕಳಿಸುತ್ತೇನೆ.