ಎಕ್ಸ್‌ಪೋರ್ಟ್‌ಗೆ ‘ರಫ್ತು’ ಸರಿಯೇ, ‘ಪ್ರತಿ ತೆಗೆ’ ಸಾಕೇ?

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ಒಂದು ಸಂಘದ ದಾಖಲೆ ನೋಡಿಕೊಳ್ಳುವುದು ನನ್ನ ಕೆಲಸ. ಕಿನ್ನಾಳದ ಗೊಂಬೆಗಳ ಹೆಸರು, ಎತ್ತರ, ಬೆಲೆ, ಒಂದೊಂದರ ಫೋಟೋ ಎಲ್ಲ ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನುವ ಡೇಟಾಬೇಸ್ ತಂತ್ರಾಂಶದಲ್ಲಿದೆ. ಅದರ ರಿಪೋರ್ಟನ್ನು ವರ್ಡ್‌ಗೆ ತರುವುದು ಹೇಗೆ ಅಂತ ಜೊತೆಯವರಿಗಾಗಿ ಎರಡು ಪುಟ ಬರೆದೆ. ‘ವರದಿಯನ್ನು ಸಂಪಾದಿಸಬಹುದಾದ ದಸ್ತಾವೇಜಾಗಿ ರಫ್ತು ಮಾಡಿ’ ಅಂತ ಅದರಲ್ಲಿತ್ತು. ಹೊಸದಾಗಿ ಸೇರಿದ ಹುಡುಗಿ ಅದನ್ನು ಓದಿ, ಬಟನ್ ಒತ್ತದೆ ಹಾಗೇ ಕೂತಿದ್ದಳು. ‘ಸರ್, ರಫ್ತು ಮಾಡಿದ್ರೆ ಇಲ್ಲಿರೋದು ಉಳೀತದಾ?’ ಅಂತ ಕೇಳಿದಳು.

ಅವಳ ಅನುಮಾನ ಸರಿಯಾಗೇ ಇದೆ. ನಮ್ಮ ಕಡೆ ರಫ್ತು ಅಂದ್ರೆ ಸಂಡೂರಿನ ಅದಿರು. ಬಂದರಿಗೆ ಹೋಯಿತು ಅಂದ್ರೆ ಹೋಯಿತು, ಗುಡ್ಡ ಅಷ್ಟು ಕರಗಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು, 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಬಿಟ್ಟಿತು. ಇಂಥ ಸುದ್ದಿಗಳಲ್ಲೇ ಈ ಪದ ನಮ್ಮ ಕಿವಿಗೆ ಬಿದ್ದಿರುವುದು. ಪದದ ಹುಟ್ಟೂ ಅದನ್ನೇ ಹೇಳುತ್ತದೆ. ಪಾರಸಿಯಲ್ಲಿ ‘ಆಮದ್’ ಅಂದರೆ ಬಂತು, ‘ರಫ್ತ್’ ಅಂದರೆ ಹೋಯಿತು. ಆದರೆ ಡೇಟಾಬೇಸ್‌ನಿಂದ ಏನೂ ಹೋಗುವುದಿಲ್ಲ. ಇದ್ದದ್ದು ಇದ್ದಲ್ಲೇ ಇರುತ್ತದೆ, ಅದರ ಒಂದು ಪ್ರತಿ ಹೊರಗೆ ಬರುತ್ತದೆ ಅಷ್ಟೆ.

ಇದಕ್ಕೆ ನಮ್ಮ ಜನರ ಬಾಯಲ್ಲಿ ಮಾತು ಈಗಾಗಲೇ ಇದೆ, ಅಲ್ವಾ? ‘ಪಹಣಿ ತೆಗೆಸ್ಕೊಂಡು ಬಾ’ ಅನ್ನುತ್ತೇವೆ. ಭೂಮಿ ತಂತ್ರಾಂಶದಿಂದ ಬರುವ ಪಹಣಿಯೂ ಡೇಟಾಬೇಸ್‌ನ ರಿಪೋರ್ಟೇ. ಅದನ್ನು ತೆಗೆಸಿದರೆ ಹೊಲದ ದಾಖಲೆ ಅಳಿಸಿಹೋಗುತ್ತದೆ ಅಂತ ಯಾವ ರೈತನೂ ಹೆದರುವುದಿಲ್ಲ. ಗದಗ, ಧಾರವಾಡದ ಕಡೆ ಇದನ್ನೇ ‘ಉತಾರ’ ಅನ್ನುತ್ತಾರೆ. ಮರಾಠಿಯಿಂದ ಬಂದ ಪದ. ಮೂಲದಿಂದ ಇಳಿಸಿಕೊಂಡ ಪ್ರತಿ ಅಂತ ಅರ್ಥ. ಎಕ್ಸ್‌ಪೋರ್ಟ್‌ಗೆ ಇಷ್ಟು ಹತ್ತಿರದ ಪದ ನನಗೆ ಬೇರೆ ಕಾಣಲಿಲ್ಲ.

‘ಸಂಪಾದಿಸಬಹುದಾದ’ ಅನ್ನುವುದನ್ನೂ ಬಿಟ್ಟೆ. ಸಂಪಾದನೆ ಅಂದ ಕೂಡಲೇ ದುಡ್ಡು ನೆನಪಾಗುತ್ತದೆ. ‘ತಿದ್ದಲು ಬರುವ’ ಅಂದರೆ ಎಲ್ಲರಿಗೂ ತಿಳಿಯುತ್ತದೆ.

ಇನ್ನೊಂದು, ಚಿತ್ರದ ವಿಷಯ. ಆಕ್ಸೆಸ್‌ನಿಂದ ಆರ್‌ಟಿಎಫ್‌ಗೆ (ವರ್ಡ್‌ನಲ್ಲಿ ತೆರೆಯುವ ಒಂದು ಬಗೆಯ ಕಡತ) ಕೊಟ್ಟರೆ ಅಕ್ಷರ ಬರುತ್ತದೆ, ಚಿತ್ರ ಮತ್ತು ಗೆರೆ ಬರುವುದಿಲ್ಲ. ಗರುಡನ ಗೊಂಬೆಯ ಹೆಸರು, ಎತ್ತರ, ಬೆಲೆ ಎಲ್ಲ ಬಂದಿತ್ತು, ಫೋಟೋ ಇರಬೇಕಾದ ಕಡೆ ಬರೀ ಬಿಳಿ. ‘ಚಿತ್ರ ಕಳೆದುಹೋಗುತ್ತದೆ’ ಅಂತ ಬರೆದಿದ್ದೆ, ಅದೂ ತಪ್ಪು ಅನ್ನಿಸಿತು. ಚಿತ್ರ ಎಲ್ಲೂ ಕಳೆದಿಲ್ಲ. ನಕಲು ಮಾಡುವಾಗ ಒಂದು ಸಾಲು ಬಿಟ್ಟುಹೋಯಿತು ಅನ್ನುತ್ತೇವಲ್ಲ, ಹಾಗೆ ಪ್ರತಿಯಲ್ಲಿ ‘ಬಿಟ್ಟುಹೋಗಿದೆ’. ಈ ಮಾತು ಬದಲಿಸಿದ ಮೇಲೆ ಜನರ ಗಾಬರಿ ಕಡಿಮೆಯಾಯಿತು. ಪಿಡಿಎಫ್ ಆದರೆ ಚಿತ್ರ ಬರುತ್ತದೆ, ತಿದ್ದುವುದು ಕಷ್ಟ. ವರ್ಡ್ 2013ರಿಂದ ಈಚೆಗೆ ಪಿಡಿಎಫನ್ನು ತೆರೆದು ತಿದ್ದಬಹುದು, ಆದರೆ ನಮ್ಮ ಕಡತದಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದವು. ಕೊನೆಗೆ ವರ್ಡ್‌ನಲ್ಲೇ ಒಂದು ಮಾದರಿ ಪುಟ ಮಾಡಿ, ವಿಬಿಎ ಕೋಡ್‌ನಿಂದ (ಆಕ್ಸೆಸ್, ವರ್ಡ್‌ಗಳ ಒಳಗೇ ಬರೆಯುವ ಪುಟ್ಟ ಪ್ರೋಗ್ರಾಂ) ವಿವರ, ಫೋಟೋ ಎರಡನ್ನೂ ಅದರಲ್ಲಿ ಕೂರಿಸಿದೆ.

ಈಗ ನನ್ನ ತೊಡಕು. ಬಟನ್ ಮೇಲೆ ಸುಮ್ನೆ ‘ತೆಗೆ’ ಅಂತ ಹಾಕಿದರೆ ‘ತೆಗೆದುಹಾಕು’ ಅಂತಲೂ ಅರ್ಥವಾಗುತ್ತದೆ. ಆಗ ರಫ್ತಿಗಿಂತ ಜಾಸ್ತಿ ಅಪಾಯ. ‘ಪ್ರತಿ ತೆಗೆ’ ಅಂದರೆ ಸರಿಹೋಗುತ್ತದೆ, ಆದರೆ ಕಾಪಿ ಬಟನ್‌ಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ‘ಉತಾರ ತೆಗೆ’ ನನಗೆ ಬಹಳ ಇಷ್ಟ. ರಾಯಚೂರು, ಬಳ್ಳಾರಿ ಕಡೆಯವರಿಗೆ, ಇನ್ನೂ ದಕ್ಷಿಣದವರಿಗೆ ಈ ಪದ ಬಳಕೆಯಲ್ಲಿದೆಯೇ? ಇಲ್ಲದಿದ್ದರೆ ಮೂಲ ಉಳಿದು ಪ್ರತಿ ಮಾತ್ರ ಹೊರಬರುವುದಕ್ಕೆ ನಿಮ್ಮೂರಲ್ಲಿ ಏನನ್ನುತ್ತೀರಿ?