ಉದ್ರಿ ಪುಸ್ತಕ ಮತ್ತು ‘ಕೇಳುವವನಿಗೆ ಕೊಡು’: ಅಂಗಡಿಯವನು ಏನು ಮಾಡಬೇಕು?

ಪ್ರಶ್ನೆ: ಕಿರಾಣಿ ಅಂಗಡಿ, ಬೆಟಗೇರಿ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನೇಕಾರರ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಮಗ್ಗ ನಡೆದರೆ ಜನರ ಕೈಗೆ ಮಜೂರಿ ಬರುತ್ತದೆ, ಬಾಕಿ ತೀರುತ್ತದೆ. ಮಗ್ಗ ನಿಂತರೆ ಜೋಳದ ಹಿಟ್ಟು, ಎಣ್ಣೆ, ಚಹಾಪುಡಿ ಎಲ್ಲವೂ ಉದ್ರಿ. ಈಗ ಬರಬೇಕಾದ ಬಾಕಿ ಒಂದು ತಿಂಗಳ ಸರಕಿನ ಬೆಲೆಯನ್ನು ಮೀರಿದೆ. ಸಗಟು ವ್ಯಾಪಾರಿ ನನಗಾಗಿ ಕಾಯುವುದಿಲ್ಲ.

ಕೇಳುವವನಿಗೆ ಕೊಡು, ಸಾಲ ಕೇಳಬಂದವನಿಂದ ಮುಖ ತಿರುಗಿಸಬೇಡ ಎಂದು ಯೇಸುಸ್ವಾಮಿ ಹೇಳಿದ್ದಾರೆ (ಮತ್ತಾಯ 5:42). ಭಾನುವಾರ ಅದಕ್ಕೆ ಆಮೆನ್ ಹೇಳಿ, ಸೋಮವಾರ ‘ಉದ್ರಿ ಕೇಳಬೇಡಿ’ ಎಂಬ ಫಲಕ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಅಂಗಡಿಯೇ ಮುಚ್ಚಿದರೆ ಯಾರಿಗೂ ಕೊಡಲಾಗದು. ದಾರಿ ಏನು?

ಉತ್ತರ: ಔಷಧ ಅಂಗಡಿ, ಹುಬ್ಬಳ್ಳಿ

ಸಹೋದರರೇ, ವ್ಯಾಪಾರ ಬೇರೆ, ದಾನ ಬೇರೆ. ದಶಮಾಂಶವನ್ನು, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲನ್ನು, ನಿಮ್ಮ ಚರ್ಚಿನ ಸಭೆಗೆ ಕೊಡಿ, ಬಡವರನ್ನು ಸಭೆ ನೋಡಿಕೊಳ್ಳಲಿ. ಅಂಗಡಿಯಲ್ಲಿ ನಗದು ಮಾತ್ರ.

ಉತ್ತರ: ನಿವೃತ್ತ ಶಿಕ್ಷಕಿ, ಧಾರವಾಡ

ಮೇಲಿನ ಮಾತನ್ನು ನಾನು ಒಪ್ಪುವುದಿಲ್ಲ. ಸತ್ಯವೇದ (ಬೈಬಲ್) ಬಡವರ ಪಾಲನ್ನು ಹೊಲದಲ್ಲಿಯೇ ಇಟ್ಟಿದೆ. ಯಾಜಕಕಾಂಡ 19ನೇ ಅಧ್ಯಾಯ ಓದಿ: ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಕೊಯ್ಲಿನ ನಂತರ ಬಿದ್ದಿರುವ ಹಕ್ಕಲನ್ನು ಆಯಬೇಡ, ಬಡವರಿಗೂ ಪರದೇಶಿಗಳಿಗೂ ಬಿಡು. ಇಡೀ ಹೊಲವನ್ನು ಬಿಡು ಎಂದಿಲ್ಲ, ತಮ್ಮಾ. ಉಳಿದ ಬೆಳೆ ಮಾಲೀಕನ ಮನೆಗೆ ಹೋಗುತ್ತದೆ, ಹಾಗಾಗಿಯೇ ಮುಂದಿನ ವರ್ಷ ಅವನು ಮತ್ತೆ ಬಿತ್ತುತ್ತಾನೆ.

ನೀವೂ ತಿಂಗಳ ಮೊದಲೇ ಅಂಚನ್ನು ಗುರುತಿಸಿಡಿ. ಇಷ್ಟು ಹಿಟ್ಟು, ಇಷ್ಟು ಬೇಳೆ, ಇಷ್ಟು ಎಣ್ಣೆ ಎಂದು. ಅದನ್ನು ಉದ್ರಿ ಪುಸ್ತಕದಲ್ಲಿ ಬರೆಯಲೇಬೇಡಿ. ಬರೆದದ್ದನ್ನು ಮಾತ್ರ ಸಂಕೋಚವಿಲ್ಲದೆ ಕೇಳಿ, ಕೇಳುವುದು ಪಾಪವಲ್ಲ. ಆದರೆ ಕೇಳುವ ರೀತಿಗೂ ನಿಯಮವಿದೆ. ಸಾಲ ಕೊಟ್ಟವನು ಒತ್ತೆಗಾಗಿ ಮನೆಯೊಳಗೆ ನುಗ್ಗದೆ ಹೊರಗೆ ನಿಲ್ಲಬೇಕು. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಅದು ಬದುಕನ್ನೇ ಕಿತ್ತುಕೊಂಡಂತೆ (ಧರ್ಮೋಪದೇಶಕಾಂಡ 24). ನಿಮ್ಮ ಓಣಿಯಲ್ಲಿ ಬೀಸುವ ಕಲ್ಲೆಂದರೆ ಮಗ್ಗ.

ಅದೇ 19ನೇ ಅಧ್ಯಾಯದ ಕೊನೆಯಲ್ಲಿ ತಕ್ಕಡಿ, ತೂಕದ ಕಲ್ಲುಗಳ ಮಾತೂ ಇದೆ. ಉದ್ರಿಯವರಿಗೆ ಒಂದು ದರ, ನಗದಿನವರಿಗೆ ಇನ್ನೊಂದು ದರ, ಉದ್ರಿಯವರಿಗೆ ಹುಳು ಹಿಡಿದ ಬೇಳೆ ಎಂಬುದು ಬೇಡ. ಇದು ಎಷ್ಟೋ ಕಡೆ ನಡೆಯುತ್ತದೆ, ನೋಡಿದಾಗ ನನಗೆ ಕೋಪ ಬರುತ್ತದೆ. ನಿಮ್ಮ ಮನೆಯನ್ನೂ ಮರೆಯಬೇಡಿ. ಇತರರ ಭಾರ ಇಳಿಯಲೆಂದು ನಿಮಗೆ ಭಾರವಾಗಬೇಕೆಂದು ನಾನು ಹೇಳುತ್ತಿಲ್ಲ ಎಂದು ಪೌಲನೇ ಬರೆದಿದ್ದಾನೆ (2 ಕೊರಿಂಥ 8:13).

ಉತ್ತರ: ನೇಕಾರರ ಮಗಳು, ಈಗ ಬೆಂಗಳೂರಿನಲ್ಲಿ

ಅಮ್ಮ ನನ್ನನ್ನು ಉದ್ರಿ ತರಲು ಕಳುಹಿಸುತ್ತಿದ್ದರು. ಅಂಗಡಿಯವರು ಹಿಟ್ಟು ಕೊಡುತ್ತಿದ್ದರು, ಆದರೆ ಎಲ್ಲರ ಮುಂದೆ ನಮ್ಮ ಬಾಕಿಯನ್ನು ಗಟ್ಟಿಯಾಗಿ ಓದಿದ ಮೇಲೆ. ಹೊಲದ ಮಾಲೀಕ ಬೋವಜನು, ಹಕ್ಕಲು ಆಯಲು ಬಂದ ಬಡ ವಿಧವೆ ರೂತಳಿಗಾಗಿ ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಬೀಳಿಸಿ ಎಂದು ಆಳುಗಳಿಗೆ ಹೇಳಿದ್ದು ಎಲ್ಲರಿಗೂ ನೆನಪಿದೆ. ಅವಳನ್ನು ಅವಮಾನಪಡಿಸಬೇಡಿ, ಗದರಿಸಬೇಡಿ ಎಂದದ್ದೂ ಅಲ್ಲಿಯೇ ಇದೆ (ರೂತಳು 2:15-16). ದಯವಿಟ್ಟು ಮಕ್ಕಳ ಕೈಯಲ್ಲಿ ಬಾಕಿಯ ಮಾತು ಹೇಳಿ ಕಳುಹಿಸಬೇಡಿ. ದೊಡ್ಡವರನ್ನು ಬೇರೆಯಾಗಿ ಕರೆದು ಕೇಳಿ.

ಮತ್ತೆ: ಕಿರಾಣಿ ಅಂಗಡಿ, ಬೆಟಗೇರಿ

ಅಕ್ಕಾ, ತಂಗೀ, ಇಬ್ಬರಿಗೂ ವಂದನೆಗಳು. ಅಂಚಿನ ಲೆಕ್ಕವನ್ನು ಈ ತಿಂಗಳಿಂದಲೇ ಇಡುತ್ತೇನೆ. ಒಂದು ಸಂದೇಹ: ಗಂಡ ಮಜೂರಿಯನ್ನು ಕುಡಿದು ಮುಗಿಸುತ್ತಾನೆ, ಹೆಂಡತಿ ಹಿಟ್ಟಿಗೆ ಬರುತ್ತಾಳೆ. ಅವಳಿಗೆ ಕೊಟ್ಟರೆ ಅವನ ಕುಡಿತಕ್ಕೆ ಕೊಟ್ಟಂತೆ ಆಗುವುದಿಲ್ಲವೇ?

ಉತ್ತರ: ನಿವೃತ್ತ ಶಿಕ್ಷಕಿ, ಧಾರವಾಡ

ಅವಳಿಗೆ ಹಿಟ್ಟು ಕೊಡಿ, ಅಂಚಿನಿಂದಲೇ ಕೊಡಿ. ಅವನಿಗೆ ಬೀಡಿಯನ್ನೂ ಉದ್ರಿ ಕೊಡಬೇಡಿ. ಅವನೊಡನೆ ಮಾತನಾಡಲು ಸಭಾಪಾಲಕರನ್ನು ಕರೆದುಕೊಂಡು ಹೋಗಿ, ಆದರೆ ಅವಳನ್ನು ಕೇಳಿಯೇ ಹೋಗಿ. ಇಲ್ಲದಿದ್ದರೆ ಪೆಟ್ಟು ಅವಳ ಮೇಲೆ ಬೀಳುತ್ತದೆ.